ಬೆಂಗಳೂರಿನ ಹೆಸರು ಬೇಗೂರಿನ ಕಲ್ಲಲ್ಲಿ

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು, ಮೂರು ವರ್ಷದ ಹಿಂದೆ ಬೇಗೂರು ರಸ್ತೇಲಿ ಫ್ಲಾಟ್ ತಗೊಂಡ್ವಿ. ಎಲ್ರೂ ಇದು ಹೊಸ ಏರಿಯಾ, ಮೊದ್ಲು ಬರೀ ಹೊಲ ಇತ್ತು ಅಂತಾರೆ. ಆದ್ರೆ ಮಗಳ ಸ್ಕೂಲಲ್ಲಿ ಬೆಂಗಳೂರು ಅನ್ನೋ ಹೆಸರು ಮೊದಲು ಸಿಕ್ಕಿದ್ದೇ ಬೇಗೂರಲ್ಲಿ ಅಂದ್ರಂತೆ. ನಿಜಾನಾ? ಹಾಗಾದ್ರೆ ಬೆಂದಕಾಳೂರು ಕತೆ?

ಉತ್ತರ: ನಿಜ ಕಣಮ್ಮ, ಮಗಳು ಹೇಳಿದ್ದೇ ಸರಿ. ಊರೊಳಗೆ ನಾಗೇಶ್ವರ ದೇವಸ್ಥಾನ ಇದೆಯಲ್ಲ, ಅದರ ಆವರಣದಲ್ಲಿ ಒಂದು ವೀರಗಲ್ಲು ಇದೆ, ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ ಹಳೆಗನ್ನಡ ಶಾಸನ, ಅದರಲ್ಲಿ ಬೆಂಗಳೂರ ಕಾಳಗದಲ್ಲಿ ಸತ್ತವನೊಬ್ಬನ ಮಾತು ಬರುತ್ತೆ. ಈ ಹೆಸರಿಗೆ ನಮಗೆ ಗೊತ್ತಿರೋ ಅತ್ಯಂತ ಹಳೇ ಸಾಕ್ಷಿ ಅದೇ. ಬೆಂದ ಕಾಳು ಕೊಟ್ಟ ಅಜ್ಜಿ ಕತೆ ಹೊಯ್ಸಳ ವೀರಬಲ್ಲಾಳನ ಕಾಲದ್ದು ಅಂತಾರೆ, ಅವನು ಬಂದಿದ್ದು ಈ ಶಾಸನ ಆಗಿ ಹತ್ತಿರ ಹತ್ತಿರ 300 ವರ್ಷಕ್ಕೆ, ಕೆಂಪೇಗೌಡರು ಕೋಟೆ ಕಟ್ಟಿಸಿದ್ದು 1537ರಲ್ಲಿ. ಕತೆ ಚೆನ್ನಾಗಿದೆ, ಮಕ್ಕಳಿಗೆ ಹೇಳಿ, ಆದ್ರೆ ಹೆಸರು ಅದಕ್ಕಿಂತ ಹಳೇದು ಅಂತಾನೂ ಹೇಳಿ.

ಇನ್ನೊಂದು ದೊಡ್ಡ ವೀರಗಲ್ಲೂ ಬೇಗೂರಿನದ್ದೇ, ಅದು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದೆ. ಗಂಗರಿಗೂ ನೊಳಂಬರಿಗೂ ತುಂಬೆಪಾಡಿಯಲ್ಲಿ ಯುದ್ಧ ಆದಾಗ ನಾಗತ್ತರ ಅನ್ನೋನು ಹೋರಾಡಿ ಸತ್ತ, ಅದಕ್ಕೆ ಗಂಗರ ರಾಜ ಎರೆಯಪ್ಪ, ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಅಂತ 12 ಹಳ್ಳಿ ಬಿಟ್ಟುಕೊಟ್ಟ, ಅಷ್ಟೂ ಹಳ್ಳಿ ಹೆಸರು ಕಲ್ಲಲ್ಲೇ ಕೊರೆದಿದ್ದಾರೆ. ಆ ಬೆಂಪೂರೇ ನಿಮ್ಮ ಬೇಗೂರು! ಪಟ್ಟೀಲಿ ಇಗ್ಗಲೂರು ಅಂತಾನೂ ಇದೆ, ಚಂದಾಪುರದ ಕಡೆ ಹೋದ್ರೆ ಇವತ್ತಿಗೂ ಆ ಹೆಸರಿನ ಊರು ಸಿಗುತ್ತೆ, ನನಗಂತೂ ಅದನ್ನ ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು.

2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸ್ಕೊಂಡ್ರು, ಬೇಗೂರೂ ಪಾಲಿಕೆಯ ವಾರ್ಡಾಯ್ತು. ಬೆಂಗಳೂರು ಬೇಗೂರನ್ನ ಸೇರಿಸ್ಕೊಳ್ತು ಅಂತಾರೆ, ಆದ್ರೆ ಬೆಂಗಳೂರಿನ ಹೆಸರನ್ನ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದು ಬೇಗೂರು. ಹಾಗಾಗಿ ದಯವಿಟ್ಟು ವಿಳಾಸ ಬರೆಯೋವಾಗ ಅಪಾರ್ಟ್‌ಮೆಂಟ್ ಹೆಸರು ಬರೆದು ಹೊಸೂರು ರಸ್ತೆ ಹತ್ರ ಅಂತ ಮುಗಿಸ್ಬೇಡಿ, ಬೇಗೂರು ಅಂತ ಬರೀರಿ.

ದೇವಸ್ಥಾನ ನೋಡೋಕೆ ಹೋಗೋದಾದ್ರೆ ಭಾನುವಾರ ಬೆಳಗ್ಗೆ ಬೇಗ ಹೋಗಿ, ಆಮೇಲೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ತೀರ. ಎತ್ತರದ ಗೋಪುರಗಳು ಈಚಿನವು, ಅವನ್ನ ನೋಡಿ ಇಷ್ಟೇನಾ ಅಂದ್ಕೋಬೇಡಿ, ಒಳಗೆ ಹೋಗಿ ತಲೆ ಎತ್ತಿ ಅಷ್ಟದಿಕ್ಪಾಲಕರ ಛಾವಣಿ ನೋಡಿ, ಅದು ಹಳೇದು. ಹತ್ರದಲ್ಲೇ ಮಣ್ಣಿನ ಕೋಟೆ ಉಳಿಕೆ ಇದೆ, ಕೆರೆ ಇದೆ. ಕಲ್ಲಿನ ಹತ್ರ ಅಕ್ಷರಗಳ ಮೇಲೆ ಅರಿಶಿನ ಕುಂಕುಮ ಹಚ್ಚಬೇಡಿ, ಸವೆದುಹೋಗುತ್ತೆ. ಮಗಳು ಕೂತು ಒಂದೊಂದೇ ಅಕ್ಷರ ಗುರುತಿಸ್ಲಿ, ಕೆಲವಾದ್ರೂ ಅವಳಿಗೆ ಸಿಕ್ಕೇ ಸಿಗುತ್ವೆ, ಸಿಕ್ಕಿದ್ದು ಯಾವುದು ಅಂತ ನಮಗೂ ಬರೀರಿ.