ಊರಿನ ನಾಟಕ ಚಿತ್ರೀಕರಿಸಲು 25 ಸಾವಿರದೊಳಗೆ ಯಾವ ವಿಡಿಯೊ ಕ್ಯಾಮೆರಾ ಕೊಳ್ಳಲಿ? ಜೂಮ್ ಎಷ್ಟಿರಬೇಕು?

ಕೊನೆಯ ಸಾಲಿನಲ್ಲಿ ನಿಂತರೂ ಪಾತ್ರಧಾರಿಯ ಮುಖ ತುಂಬಾ ಕಾಣಬೇಕು ಎಂದು ಬರೆದಿದ್ದೀರಿ. 2014ರ ಜುಲೈಯಲ್ಲಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನಾನು ಹೇಳಿದ್ದೂ ಇದೇ ಮಾತು. ಅಂಗಡಿಯವರು ಗಾಜಿನ ಕಪಾಟಿನಿಂದ ಅಂಗೈಯಗಲದ ಕ್ಯಾಮೆರಾ ತೆಗೆದು, ಬಾಗಿಲ ಬಳಿ ನಿಂತು ರಸ್ತೆಯಾಚೆಯ ಫಲಕದ ಅಕ್ಷರವನ್ನು ಪರದೆಯ ಮೇಲೆ ತುಂಬಿಸಿ ತೋರಿಸಿದರು. ಮರುಮಾತಿಲ್ಲದೆ 19 ಸಾವಿರ ಎಣಿಸಿ ಕೊಟ್ಟೆ. ಅದು ನನ್ನ ಮೊದಲ ಕೆಲಸದ ಆರು ತಿಂಗಳ ಉಳಿತಾಯ.

ನಮ್ಮದು ಸಿದ್ದಾಪುರದ ಕಡೆಯ ಹಳ್ಳಿ. ನನ್ನ ಅಜ್ಜ ತಾಳಮದ್ದಳೆಯ ಅರ್ಥಧಾರಿ, ಅಂದರೆ ಕೂತಲ್ಲೇ ಪಾತ್ರವಾಗಿ ಮಾತನಾಡುವವರು; ಆ ಮಾತಿಗೇ ಅರ್ಥ ಎನ್ನುವುದು. ಮಳೆಗಾಲ ಹಿಡಿದರೆ ಬಯಲಾಟ ನಿಲ್ಲುತ್ತದೆ, ತಾಳಮದ್ದಳೆ ಶುರುವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಎದುರುಬದುರು ಕೂತವರ ಮಾತು, ಇಷ್ಟೇ. ಆ ವರ್ಷ ಅಜ್ಜನಿಗೆ 81. ಶ್ರಾವಣದ ಒಂದು ಸಂಜೆ ದೇವಸ್ಥಾನದ ಸಭಾಭವನದಲ್ಲಿ ವಾಲಿಯ ಅರ್ಥ ಹೇಳಿ ಮುಗಿಸುತ್ತೇನೆ, ಇನ್ನು ಕೂರುವುದಿಲ್ಲ ಎಂದು ಅವರೇ ತೀರ್ಮಾನಿಸಿದ್ದರು. ಕ್ಯಾಮೆರಾ ಕೊಂಡದ್ದು ಅದೊಂದು ಸಂಜೆಗಾಗಿ.

ಜನರಿಗೆ ಅಡ್ಡವಾಗಬಾರದೆಂದು ಹಿಂದಿನ ಗೋಡೆಗೆ ತಾಗಿಸಿ ಸ್ಟ್ಯಾಂಡ್ ನಿಲ್ಲಿಸಿದೆ. ಅಲ್ಲಿಂದ ಅಜ್ಜ ಕೂತ ಜಾಗಕ್ಕೆ ಸುಮಾರು 40 ಅಡಿ. ಜೂಮ್ ಎಳೆದರೆ ಅವರ ಹಣೆಯ ಗಂಧದ ಗೆರೆಯೂ ಕಾಣುತ್ತಿತ್ತು. ಅರವತ್ತು ಎಪ್ಪತ್ತು ಜನ ಸೇರುವ ಸಣ್ಣ ಸಭೆ, ಧ್ವನಿವರ್ಧಕ ಇರಲಿಲ್ಲ. ಎಂಟು ಗಂಟೆಯ ಹೊತ್ತಿಗೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯತೊಡಗಿತು. ಹಿಂದೆ ಕೂತಿದ್ದವರೆಲ್ಲ ಚಾಪೆ ಎಳೆದುಕೊಂಡು ಮುಂದೆ ಸರಿದರು. ನಾನು ಕ್ಯಾಮೆರಾದ ಪಕ್ಕ ಹಿಂದೆಯೇ ಉಳಿದೆ. ಪರದೆಯ ಮೇಲೆ ಅಜ್ಜ ಒಂದು ಮೊಳ ದೂರದಲ್ಲಿದ್ದರಲ್ಲ!

ಎದೆಗೆ ಬಾಣ ನೆಟ್ಟ ವಾಲಿ ಮೊದಲು ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಆಮೇಲೆ ಕುಗ್ಗುತ್ತಾನೆ. ಮಗ ಅಂಗದನನ್ನು ರಾಮನ ಕೈಗೆ ಒಪ್ಪಿಸುವ ಹೊತ್ತಿಗೆ ಅಜ್ಜ ಧ್ವನಿಯನ್ನು ಪಿಸುಮಾತಿನವರೆಗೆ ಇಳಿಸುತ್ತಿದ್ದರು. ಅವರನ್ನು ಕೇಳಲು ಜನ ಬರುತ್ತಿದ್ದುದೇ ಆ ಹತ್ತು ನಿಮಿಷಕ್ಕಾಗಿ. ನನ್ನ ವಿಡಿಯೊದಲ್ಲಿ ಆ ಹತ್ತು ನಿಮಿಷ ಬರೀ ಮಳೆ. ತುಟಿ ಅಲುಗುತ್ತದೆ, ಕಣ್ಣು ತುಂಬುತ್ತದೆ, ಒಂದು ಪದವೂ ಕೇಳುವುದಿಲ್ಲ.

ಹೀಗೇಕಾಯಿತು ಎಂಬುದನ್ನು ನೀವು ಪೂರ್ತಿ ತಿಳಿದುಕೊಳ್ಳಬೇಕು. ಜೂಮ್ ಬೆಳಕನ್ನು ಹತ್ತಿರಕ್ಕೆ ತರುತ್ತದೆ, ಧ್ವನಿಯನ್ನು ತರುವುದಿಲ್ಲ. ಕ್ಯಾಮೆರಾದ ಮೈಕ್ ಇರುವುದು ಕ್ಯಾಮೆರಾದಲ್ಲೇ, ಅಂದರೆ 40 ಅಡಿ ಹಿಂದೆ. ಧ್ವನಿಯ ಬಲವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ; ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಕುಸಿಯುತ್ತದೆ. ಮಾತನಾಡುವವರ ಎದುರಿಗೇ ಮೈಕ್ ಇಟ್ಟರೆ ಇರುವ ಎರಡೂವರೆ ಅಡಿಯಿಂದ 40 ಅಡಿಗೆ ಹೋಗುವಷ್ಟರಲ್ಲಿ ದೂರ ನಾಲ್ಕು ಸಲ ದುಪ್ಪಟ್ಟಾಗುತ್ತದೆ, 24 ಡೆಸಿಬೆಲ್ ಹೋಯಿತು. ಒಳಾಂಗಣದಲ್ಲಿ ಗೋಡೆಗಳು ಧ್ವನಿಯನ್ನು ಸ್ವಲ್ಪ ಮರಳಿಸುತ್ತವೆ, ಆದರೆ ಹಾಗೆ ಮರಳಿದ್ದು ಮಾತನ್ನು ಕಲಸಿಬಿಡುತ್ತದೆ. ಮಳೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದು ಮೈಕಿನ ನೆತ್ತಿಯ ಮೇಲೆಯೇ ಸುರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಮಾತು ಸಣ್ಣದಾಗಿಯಾದರೂ ಉಳಿಯುತ್ತಿತ್ತೇನೋ. ಅಗ್ಗದ ಕ್ಯಾಮೆರಾಗಳಲ್ಲಿ ಧ್ವನಿಯ ಮಟ್ಟವನ್ನು ತಾನಾಗಿ ಏರಿಳಿಸುವ ವ್ಯವಸ್ಥೆ ಇರುತ್ತದೆ. ಜೋರು ಸದ್ದು ಬಂದರೆ ತಗ್ಗಿಸುತ್ತದೆ, ಮೌನವಾದರೆ ಏರಿಸುತ್ತದೆ. ಮದ್ದಳೆಯ ಪೆಟ್ಟು ಬಿದ್ದಾಗಲೆಲ್ಲ ಅದು ಭಾಗವತರ ಸ್ವರವನ್ನು ಒತ್ತಿಹಾಕಿತು. ಅಜ್ಜ ಧ್ವನಿ ಇಳಿಸಿದಾಗ ಮೌನವಾಯಿತೆಂದು ಬಗೆದು ಎಲ್ಲವನ್ನೂ ಮೇಲಕ್ಕೆತ್ತಿತು, ಮೇಲೆ ಬಂದದ್ದು ಮಳೆ. ನನ್ನ ಕ್ಯಾಮೆರಾದಲ್ಲಿ ಈ ವ್ಯವಸ್ಥೆಯನ್ನು ನಿಲ್ಲಿಸುವ ಆಯ್ಕೆ ಇರಲಿಲ್ಲ. ಹೊರಗಿನ ಮೈಕ್ ಚುಚ್ಚಲು ತೂತಿರಲಿಲ್ಲ. ಇಯರ್‌ಫೋನ್ ಹಾಕಿ ಕೇಳಲೂ ತೂತಿರಲಿಲ್ಲ, ಹಾಗಾಗಿ ಮರುದಿನ ಬೆಳಗಿನವರೆಗೆ ನನಗೆ ಏನೂ ಗೊತ್ತಾಗಲಿಲ್ಲ. ಕೊಂಡ ದಿನ ಪರೀಕ್ಷಿಸಿದ್ದೆ, ನಿಜ. ಜಗಲಿಯಲ್ಲಿ ಅಮ್ಮನನ್ನು ನಾಲ್ಕಡಿ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ್ದೆ. ಚೆನ್ನಾಗಿಯೇ ಬಂದಿತ್ತು.

ಬೆಂಗಳೂರಿನ ಸ್ಟುಡಿಯೊ ಒಂದಕ್ಕೆ ಕಡತ ಒಯ್ದು ಮಳೆ ತೆಗೆಸಲು ನೋಡಿದೆ. ತಗಡಿನ ಮೇಲಿನ ಮಳೆ ಒಂದು ಸ್ವರವಲ್ಲ, ತಗ್ಗಿನಿಂದ ತಾರದವರೆಗೆ ಹರಡಿಕೊಂಡ ಸದ್ದು. ಅದನ್ನು ಸೋಸಿದರೆ ಅದೇ ಜಾಗದಲ್ಲಿರುವ ಶಕಾರ ಸಕಾರಗಳೂ ಹೋಗುತ್ತವೆ. ಅಜ್ಜ ಕೊಳವೆಯೊಳಗಿಂದ ಮಾತನಾಡಿದಂತೆ ಕೇಳಿಸಿತು. ಅಲ್ಲಿಗೇ ನಿಲ್ಲಿಸಿ ಎಂದೆ. ಮುಂದಿನ ಮಾಘದಲ್ಲಿ ಅಜ್ಜ ತೀರಿಕೊಂಡರು.

ಅವತ್ತು ಮದ್ದಳೆಗಾರರ ಅಳಿಯ ತನ್ನ ಕೀಪ್ಯಾಡ್ ಮೊಬೈಲನ್ನು ಅಜ್ಜನ ಎದುರಿನ ಎಲೆಯಡಿಕೆ ತಟ್ಟೆಯ ಪಕ್ಕ ಇಟ್ಟು ಧ್ವನಿಮುದ್ರಿಸಿಕೊಂಡಿದ್ದರಂತೆ. ತಿಂಗಳ ಮೇಲೆ ತಂದುಕೊಟ್ಟರು. ರಾಮನನ್ನು ಬೈಯುವ ಭಾಗದ ಹದಿನೇಳು ನಿಮಿಷ ಅದರಲ್ಲಿದೆ, ಮುಂದೆ ಜಾಗ ಸಾಲದೆ ನಿಂತಿದೆ. ಧ್ವನಿ ಕಿರಿದು, ಆದರೆ ಪದ ಪದವೂ ಸ್ಪಷ್ಟ. ಮನೆಯಲ್ಲಿ ತಿಥಿಯ ದಿನ ನಾವು ಹಚ್ಚುವುದು ಅದನ್ನೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 25 ಸಾವಿರಕ್ಕೆ ಹೊಸ ವಿಡಿಯೊ ಕ್ಯಾಮೆರಾ ಕೊಳ್ಳಬೇಡಿ. ಆ ಬೆಲೆಯವುಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸಾಮಾನ್ಯವಾಗಿ ನಿಮ್ಮ ಮೊಬೈಲಿನದಕ್ಕಿಂತ ಚಿಕ್ಕದು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ನೂರಾರು ಪಟ್ಟಿನ ಡಿಜಿಟಲ್ ಜೂಮ್ ಎಂದರೆ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುವುದು, ಬೇರೇನೂ ಅಲ್ಲ. 4ಕೆ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, 1920×1080 ಸಾಕು. ಅದಕ್ಕೇ ಸೆಕೆಂಡಿಗೆ 24 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಹತ್ತು ಹನ್ನೊಂದು ಜಿಬಿ ಬೇಕಾಗುತ್ತದೆ.

ಚಿತ್ರಕ್ಕೆ ಕೈಯಲ್ಲಿರುವ ಮೊಬೈಲ್ ಬಳಸಿ. ಕರೆ ಬಂದು ನಡುವೆ ನಿಲ್ಲದಂತೆ ಏರೋಪ್ಲೇನ್ ಮೋಡಿಗೆ ಹಾಕಿ. ಗಟ್ಟಿ ಸ್ಟ್ಯಾಂಡ್ ಒಂದನ್ನು ಕೊಳ್ಳಿ. ಮಿಕ್ಕ ಹಣದಲ್ಲಿ ಹತ್ತು ಸಾವಿರದ ಆಸುಪಾಸಿನ ಜೇಬುಗಾತ್ರದ ಧ್ವನಿಮುದ್ರಣ ಯಂತ್ರ ಕೊಂಡು ವೇದಿಕೆಯ ಅಂಚಿನಲ್ಲಿ, ಮಾತನಾಡುವವರಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಇಡಿ. ಎರಡೂ ಓಡಲು ಶುರುವಾದ ಮೇಲೆ ಮೊಬೈಲಿಗೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರವನ್ನೂ ಧ್ವನಿಯನ್ನೂ ಅದೇ ಚಪ್ಪಾಳೆಗೆ ಹೊಂದಿಸಬಹುದು. ಕೊನೆಯಲ್ಲೂ ಒಂದು ತಟ್ಟಿ. ಗಂಟೆಗಟ್ಟಲೆ ಓಡಿದಾಗ ಎರಡು ಯಂತ್ರಗಳ ಗಡಿಯಾರ ಕೂದಲೆಳೆಯಷ್ಟು ಸರಿದಿರುತ್ತವೆ. ಚಿತ್ರ ಮಿಣಮಿಣ ಎಂದರೆ ಶಟರಿನ ವೇಗವನ್ನು ಸೆಕೆಂಡಿನ 1/50ಕ್ಕೆ ನಿಲ್ಲಿಸಿ, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪ ಮಿನುಗುವುದೂ ಅದರ ಲೆಕ್ಕದಲ್ಲೇ.

ಇಷ್ಟು ಹೇಳಿದ ಮೇಲೂ ಕ್ಯಾಮೆರಾವೇ ಬೇಕೆಂದರೆ, ಮೈಕಿನ ತೂತು ಇರುವ ಹಳೆಯದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ, ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸಲು ಬರಬೇಕು. ಸ್ಥಿರಚಿತ್ರದ ಹಳೆಯ ಕ್ಯಾಮೆರಾಗಳು ಬಹುಪಾಲು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಯುರೋಪಿನಲ್ಲಿ ಒಂದೇ ಓಟಕ್ಕೆ ಅರ್ಧ ಗಂಟೆ ದಾಟುವವನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು, ಅದಕ್ಕೆ ಕಟ್ಟಿದ ಬೇಲಿ ಅದು. ನಾಟಕಕ್ಕೆ ಅಂಥದ್ದು ಆಗುವುದಿಲ್ಲ.

ದೀಪಾವಳಿಗೆ ನಾಟಕ ಎಂದಿದ್ದೀರಿ, ಸಮಯವಿದೆ. ಈ ವಾರವೇ ಮೈಕ್ ಸೆಟ್ಟಿನವರನ್ನು ಹೋಗಿ ಕಾಣಿ. ಮೈಕುಗಳೆಲ್ಲ ಬಂದು ಸೇರುವ ಅವರ ಮಿಕ್ಸರ್ ಪೆಟ್ಟಿಗೆಯಿಂದ ನಿಮ್ಮ ಧ್ವನಿಮುದ್ರಣ ಯಂತ್ರಕ್ಕೆ ಒಂದು ಎಳೆ ಕೊಡಲು ಆಗುತ್ತದೆಯೇ, ಯಾವ ಪಿನ್ ಬೇಕು ಎಂದು ಕೇಳಿ. ಮಿಕ್ಸರಿನಿಂದ ಬರುವುದು ಮೈಕಿನಿಂದ ಬರುವುದಕ್ಕಿಂತ ಎಷ್ಟೋ ಬಲವಾಗಿರುತ್ತದೆ, ಯಂತ್ರಕ್ಕೆ ಧ್ವನಿ ಒಳಬರುವ ಆಯ್ಕೆಯನ್ನು ಮೈಕ್ ಬದಲು ಲೈನ್ ಎಂದು ಮಾಡದಿದ್ದರೆ ಧ್ವನಿ ಒಡೆಯುತ್ತದೆ. ತಾಲೀಮಿನ ದಿನ ಫ್ಯಾನ್ ಹಾಕಿಸಿ, ಎಲ್ಲಕ್ಕಿಂತ ಮೆಲ್ಲಗೆ ಮಾತನಾಡುವ ಪಾತ್ರಧಾರಿಯ ಸರದಿ ಬಂದಾಗ ಐದು ನಿಮಿಷ ಮುದ್ರಿಸಿಕೊಂಡು, ಇಯರ್‌ಫೋನ್ ಹಾಕಿ ಅಲ್ಲೇ ಕೂತು ಕೇಳಿ.