ಸ್ಟ್ರೋಮ್‌ನೆಸ್‌ನಲ್ಲಿ ರಾತ್ರಿ ಉಳಿಯಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಕಾಟ್ಲೆಂಡಿನ ಉತ್ತರ ತುದಿಯಿಂದಲೂ ಆಚೆ, ಸಮುದ್ರದ ನಡುವೆ ಆರ್ಕ್ನಿ ದ್ವೀಪಗಳಿವೆ. ಸುಮಾರು 70 ದ್ವೀಪ, ಜನ ಇರುವುದು 20ರಷ್ಟರಲ್ಲಿ ಮಾತ್ರ. ಅಲ್ಲಿನ ಹಳೇ ಬಂದರು ಊರು ಸ್ಟ್ರೋಮ್‌ನೆಸ್ ಬಗ್ಗೆ ಈ ಸಲ ಜಾಸ್ತಿ ಪತ್ರ ಬಂದಿವೆ. ಅದಕ್ಕೇ ಇಡೀ ಅಂಕಣ ಆ ಊರಿಗೇ ಮೀಸಲು.

ಪ್ರಶ್ನೆ: ನಮಸ್ಕಾರ. ನಮ್ಮ ಮಗ ಅಬರ್ಡೀನ್‌ನಲ್ಲಿ ಕೆಲಸದಲ್ಲಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಆರ್ಕ್ನಿಯಲ್ಲಿ ಕಲ್ಲಿನ ಯುಗದ ಊರು ನೋಡಿ ವಾಪಸ್ ಬಂದರೆ ಸಾಕು, ಸ್ಟ್ರೋಮ್‌ನೆಸ್ ಬರೀ ಹಡಗು ಇಳಿಯುವ ಜಾಗ ಅಂತ ಅವನ ಸ್ನೇಹಿತರು ಹೇಳುತ್ತಾರಂತೆ. ಹೌದಾ? ಹೋಗುವುದು ಹೇಗೆ?
– ಉಡುಪಿಯ ಓದುಗರು

ಉತ್ತರ: ಖಂಡಿತಾ ಅಲ್ಲ. ಎರಡು ರಾತ್ರಿಯಾದರೂ ಅಲ್ಲೇ ಉಳಿಯಿರಿ ಅಂತ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಕಲ್ಲಿನ ಯುಗದ ಜಾಗಗಳು ದೊಡ್ಡವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನರಿರುವ ಈ ಪುಟ್ಟ ಊರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಧ್ರುವದ ಕಡೆ, ಕೆನಡಾದ ಕಡೆ ಹೋಗುವ ಹಡಗುಗಳಿಗೆ ನೀರು ಕೊಟ್ಟಿದೆ, ಊಟ ಕೊಟ್ಟಿದೆ, ಆಳುಗಳನ್ನೂ ಕೊಟ್ಟಿದೆ. ಆ ಕಥೆ ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ, ನಡೆದೇ ನೋಡಬೇಕು.

ಮೊದಲು ದಾರಿ. ಅಬರ್ಡೀನ್‌ನಿಂದ ಆರ್ಕ್ನಿಯ ದೊಡ್ಡ ಪಟ್ಟಣ ಕಿರ್ಕ್‌ವಾಲ್‌ಗೆ ನೇರ ಹಡಗಿದೆ, ಸುಮಾರು ಆರು ಗಂಟೆ ಹಿಡಿಯುತ್ತದೆ, ಆದರೆ ಅದು ದಿನಾ ಇರುವುದಿಲ್ಲ ಮತ್ತು ತಲುಪುವಾಗ ರಾತ್ರಿ 11 ಆಗುತ್ತದೆ. ವಿಮಾನವೂ ಇದೆ. ನನ್ನನ್ನು ಕೇಳಿದರೆ ಇನ್ವರ್ನೆಸ್‌ವರೆಗೆ ರೈಲು, ಅಲ್ಲಿಂದ ಸುಮಾರು ನಾಲ್ಕು ಗಂಟೆ ಹಿಡಿಯುವ ಇನ್ನೊಂದು ರೈಲಿನಲ್ಲಿ ಥರ್ಸೋ, ಪಕ್ಕದ ಸ್ಕ್ರಾಬ್‌ಸ್ಟರ್ ಬಂದರಿನಿಂದ 'ಹ್ಯಾಮ್‌ನವೋ' ಹಡಗು. ಒಂದೂವರೆ ಗಂಟೆಯ ಪ್ರಯಾಣ. ಸುತ್ತುದಾರಿ ಹೌದು, ಆದರೆ ಹಡಗು ಹೋಯ್ ದ್ವೀಪದ ಕಡಿದಾದ ಬಂಡೆಗಳ ಪಕ್ಕದಲ್ಲೇ ಹೋಗುತ್ತದೆ. ಅಲ್ಲೇ ಸಮುದ್ರದಿಂದ ಒಂಟಿಯಾಗಿ ಎದ್ದು ನಿಂತ 137 ಮೀಟರ್ ಎತ್ತರದ ಕಲ್ಲಿನ ಕಂಬ, 'ಓಲ್ಡ್ ಮ್ಯಾನ್ ಆಫ್ ಹೋಯ್'. ಅದನ್ನು ಮೊದಲ ಸಲ ಹತ್ತಿದ್ದು 1966ರಲ್ಲಿ. ಹೊರಗೆ ಡೆಕ್ ಮೇಲೆ ನಿಂತಿರಿ, ಜಾಕೆಟ್ ಹಾಕಿಕೊಂಡೇ. ಆಮೇಲೆ ಹಡಗು ತಿರುಗುತ್ತದೆ, ಊರು ಕಾಣುತ್ತದೆ.

ಊರು ಕಟ್ಟಿದ ರೀತಿ ನೋಡಿ. ಮನೆಗಳು ಸಮುದ್ರಕ್ಕೆ ಮುಖ ಮಾಡಿಲ್ಲ, ಪಕ್ಕದ ಗೋಡೆ ಕೊಟ್ಟು ನಿಂತಿವೆ. ಎಷ್ಟೋ ಮನೆಗಳಿಗೆ ಹಿತ್ತಲಿನಲ್ಲಿ ಸ್ವಂತ ಧಕ್ಕೆ. ದೋಣಿ ಮನೆ ಬಾಗಿಲಿಗೇ ಬರುತ್ತಿತ್ತು, ಸರಕು ಅಲ್ಲೇ ಇಳಿಯುತ್ತಿತ್ತು. ಊರಿಗೆ ಇರುವುದು ಒಂದೇ ಮುಖ್ಯ ಬೀದಿ, ಚಪ್ಪಡಿ ಕಲ್ಲು ಹಾಸಿದ್ದು, ದಡದ ಜೊತೆಗೇ ಬಳುಕುತ್ತಾ ಹೋಗುತ್ತದೆ. ಅದರಿಂದ ಗುಡ್ಡದ ಕಡೆಗೆ ಇಕ್ಕಟ್ಟಾದ ಓಣಿಗಳು ಏರುತ್ತವೆ. ಒಂದು ಓಣಿಯ ಹೆಸರು ಖೈಬರ್ ಪಾಸ್!

ಇಷ್ಟು ದೂರದ ಜಾಗಕ್ಕೆ ಹಡಗುಗಳು ಯಾಕೆ ಬರುತ್ತಿದ್ದವು ಅಂದರೆ ಮುಖ್ಯ ಕಾರಣ ಯುದ್ಧ. 17 ಮತ್ತು 18ನೇ ಶತಮಾನದಲ್ಲಿ ಇಂಗ್ಲೆಂಡಿಗೆ ನೆರೆಯ ದೇಶಗಳ ಜೊತೆ ಮತ್ತೆ ಮತ್ತೆ ಯುದ್ಧ ನಡೆಯುತ್ತಿತ್ತು, ದಕ್ಷಿಣದ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಹೋದರೆ ವೈರಿ ಹಡಗುಗಳ ಕಾಟ. ಅದಕ್ಕೆ ವ್ಯಾಪಾರಿಗಳು ಉತ್ತರದಿಂದ ಸುತ್ತಿ ಅಟ್ಲಾಂಟಿಕ್‌ಗೆ ಹೋಗುತ್ತಿದ್ದರು. ಗಾಳಿಗೆ ಮರೆಯಾಗಿದ್ದ ಈ ಕೊಲ್ಲಿ ಅವರಿಗೆ ಕೊನೆಯ ತಂಗುದಾಣ. ಹಡ್ಸನ್ ಬೇ ಕಂಪನಿಯ ಹಡಗುಗಳು 1670ರಿಂದ 1891ರವರೆಗೆ ಇಲ್ಲೇ ನೀರು ತುಂಬಿಸಿಕೊಂಡವು. ಕೆನಡಾದಲ್ಲಿ ಪ್ರಾಣಿಗಳ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಕಂಪನಿ ಅದು. 18ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಅದರ ನೌಕರರಲ್ಲಿ ಸುಮಾರು ಮುಕ್ಕಾಲು ಪಾಲು ಆರ್ಕ್ನಿಯವರೇ! ಚಳಿಗೆ ಒಗ್ಗಿದವರು, ದೋಣಿ ನಡೆಸಲು ಬಲ್ಲವರು, ಕಡಿಮೆ ಸಂಬಳಕ್ಕೆ ಬರುವವರು. ಕಂಪನಿಗೆ ಇನ್ನೇನು ಬೇಕಿತ್ತು?

ಆ ನೀರಿನ ಬಾವಿ ಈಗಲೂ ಬೀದಿಯ ದಕ್ಷಿಣ ತುದಿಯ ಕಡೆ ಇದೆ, ಹೆಸರು ಲಾಗಿನ್ಸ್ ವೆಲ್. 1931ರಲ್ಲಿ ಮುಚ್ಚಿದ್ದಾರೆ. ಮೇಲೆ ಒಂದು ಫಲಕವಿದೆ. ಕ್ಯಾಪ್ಟನ್ ಕುಕ್ ಹವಾಯಿಯಲ್ಲಿ ಸತ್ತ ಮೇಲೆ ಅವನ ಎರಡು ಹಡಗುಗಳು ಇಂಗ್ಲೆಂಡಿಗೆ ಮರಳುವಾಗ 1780ರಲ್ಲಿ ಇಲ್ಲಿ ನಿಂತವು. 1845ರಲ್ಲಿ ಉತ್ತರ ಧ್ರುವದ ಕಡೆಯ ಕಡಲ ದಾರಿ ಹುಡುಕಲು ಹೊರಟ ಸರ್ ಜಾನ್ ಫ್ರಾಂಕ್ಲಿನ್‌ನ ಹಡಗುಗಳಾದ 'ಎರೆಬಸ್' ಮತ್ತು 'ಟೆರರ್' ಇಲ್ಲೇ ನೀರು ತುಂಬಿಕೊಂಡು ಉತ್ತರಕ್ಕೆ ಹೊರಟವು, ಮತ್ತೆ ಬರಲಿಲ್ಲ. ಜನ ಫೋಟೋ ಕೂಡಾ ತೆಗೆಯದೆ ಈ ಬಾವಿ ದಾಟಿ ಹೋಗುತ್ತಾರೆ. ನೀವು ಐದು ನಿಮಿಷ ನಿಂತು ಆ ಫಲಕ ಪೂರ್ತಿ ಓದಿ.

ಬಾವಿಯಿಂದ ಸ್ವಲ್ಪ ಮುಂದೆ ಹೋದರೆ ಒಂದು ಫಿರಂಗಿ ಇದೆ. 1813ರಲ್ಲಿ ಒಂದು ಅಮೆರಿಕನ್ ಹಡಗಿನಿಂದ ವಶಪಡಿಸಿಕೊಂಡದ್ದು. ಕಂಪನಿಯ ಹಡಗು ಬಂತು ಅಂತ ಊರಿಗೆ ತಿಳಿಸಲು ಇದನ್ನು ಹಾರಿಸುತ್ತಿದ್ದರು.

ಪ್ರಶ್ನೆ: ಈ ಊರಿನವರು ಪಕ್ಕದ ಕಿರ್ಕ್‌ವಾಲ್ ಮೇಲೆ ತೆರಿಗೆ ವಿಚಾರಕ್ಕೆ ಕೇಸ್ ಹಾಕಿ ಗೆದ್ದರು ಅಂತ ಎಲ್ಲೋ ಓದಿದ್ದೆ. ಏನದು?
– ಹುಬ್ಬಳ್ಳಿಯ ವಕೀಲರು

ಉತ್ತರ: ಆಗ ಹೊರದೇಶದ ವ್ಯಾಪಾರ ಮಾಡುವ ಹಕ್ಕು ರಾಜನ ಸನ್ನದು ಇದ್ದ ಪಟ್ಟಣಗಳಿಗೆ ಮಾತ್ರ ಇತ್ತು. ಆರ್ಕ್ನಿಯಲ್ಲಿ ಅದು ಕಿರ್ಕ್‌ವಾಲ್. ಸ್ಟ್ರೋಮ್‌ನೆಸ್ ಬೆಳೆದಂತೆ ತನ್ನ ತೆರಿಗೆಯಲ್ಲಿ ಅವರೂ ಪಾಲು ಕೊಡಲಿ ಅಂತ ಕಿರ್ಕ್‌ವಾಲ್ ಪಟ್ಟು ಹಿಡಿಯಿತು. ಅಲೆಕ್ಸಾಂಡರ್ ಗ್ರಹಾಂ ಎಂಬ ವ್ಯಾಪಾರಿ ಮುಂದೆ ನಿಂತು ಹೋರಾಡಿದ. ಕೇಸು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1758ರಲ್ಲಿ ಸ್ಟ್ರೋಮ್‌ನೆಸ್ ಗೆದ್ದಿತು. ಗ್ರಹಾಂ ಮಾತ್ರ ಖರ್ಚಿನಲ್ಲೇ ಮುಳುಗಿ ಬಡವನಾಗಿ ಸತ್ತ. ಅವನ ನೆನಪಿಗೆ ಧಕ್ಕೆಯ ಹತ್ತಿರ ಒಂದು ಕಾರಂಜಿ ಇದೆ.

ಪ್ರಶ್ನೆ: ಗಂಡಸಿನ ವೇಷ ಹಾಕಿಕೊಂಡು ಕೆನಡಾಕ್ಕೆ ಹೋದ ಆರ್ಕ್ನಿಯ ಹೆಣ್ಣುಮಗಳ ಬಗ್ಗೆ ಹೇಳಿ.
– ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಅವಳ ಹೆಸರು ಇಸೊಬೆಲ್ ಗನ್. 1806ರಲ್ಲಿ ಜಾನ್ ಫಬಿಸ್ಟರ್ ಅಂತ ಹೆಸರು ಬರೆಸಿ, ವರ್ಷಕ್ಕೆ 8 ಪೌಂಡ್ ಸಂಬಳಕ್ಕೆ ಹಡ್ಸನ್ ಬೇ ಕಂಪನಿ ಸೇರಿದಳು. ಒಂದೂವರೆ ವರ್ಷ ದೋಣಿ ನಡೆಸಿದಳು, ಹೊರೆ ಹೊತ್ತಳು, ಗಂಡಸರು ಮಾಡುವ ಎಲ್ಲಾ ಕೆಲಸ ಮಾಡಿದಳು. ಯಾರಿಗೂ ಗೊತ್ತಾಗಲಿಲ್ಲ. 1807ರ ಡಿಸೆಂಬರ್ ಕೊನೆಗೆ ಪೆಂಬಿನಾ ಎಂಬಲ್ಲಿ ಬೇರೊಂದು ಕಂಪನಿಯ ಠಾಣೆಯಲ್ಲಿ, ಮೈ ಸರಿಯಿಲ್ಲ ಅಂತ ಒಲೆ ಪಕ್ಕ ಕೂರಲು ಜಾಗ ಕೇಳಿದವಳು ಅಲ್ಲೇ ಗಂಡುಮಗು ಹೆತ್ತಳು. ಆಮೇಲೆ ಅವಳಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೆಲಸ. 1809ರಲ್ಲಿ ಮಗುವಿನ ಜೊತೆ ವಾಪಸ್ ಕಳಿಸಿದರು. 1861ರಲ್ಲಿ ಸ್ಟ್ರೋಮ್‌ನೆಸ್‌ನಲ್ಲೇ ಬಡತನದಲ್ಲಿ ತೀರಿಕೊಂಡಳು. ಅಷ್ಟು ಗಟ್ಟಿಗಿತ್ತಿಗೆ ಆ ಕಾಲ ಕೊಟ್ಟದ್ದು ಅಷ್ಟೇ, ಓದಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಧಕ್ಕೆಯ ಹತ್ತಿರ ಪ್ರತಿಮೆ ಇರುವ ಜಾನ್ ರೇ ಯಾರು? ಫ್ರಾಂಕ್ಲಿನ್ ಹೆಸರು ಕೇಳಿದ್ದೇನೆ, ಇವರ ಹೆಸರು ಕೇಳಿಲ್ಲ.
– ಧಾರವಾಡದ ನಿವೃತ್ತ ಮೇಷ್ಟ್ರು

ಉತ್ತರ: ಮೇಷ್ಟ್ರೇ, ನೀವು ಕೇಳಿಲ್ಲ ಅನ್ನುವುದೇ ಈ ಕಥೆಯ ನೋವು. ರೇ ಹುಟ್ಟಿದ್ದು 1813ರಲ್ಲಿ, ಊರಿನ ಎದುರು ದಡದಲ್ಲಿರುವ ಕ್ಲೆಸ್ಟ್ರೇನ್ ಮನೆಯಲ್ಲಿ. ಎಡಿನ್‌ಬರೋದಲ್ಲಿ ಡಾಕ್ಟರಿಕೆ ಓದಿ ಹಡ್ಸನ್ ಬೇ ಕಂಪನಿ ಸೇರಿದರು. ಬೇರೆ ಬ್ರಿಟಿಷ್ ಅನ್ವೇಷಕರು ಪೆಟ್ಟಿಗೆಗಟ್ಟಲೆ ಸಾಮಾನು, ಬೆಳ್ಳಿ ಚಮಚ ಎಲ್ಲ ಹೊತ್ತು ಹಿಮದಲ್ಲಿ ಹೋಗುತ್ತಿದ್ದಾಗ ರೇ ಕೆನಡಾದ ಮೂಲನಿವಾಸಿಗಳಾದ ಕ್ರೀ ಮತ್ತು ಇನ್ಯುಯಿಟ್ ಜನರ ಹತ್ತಿರ ಕಲಿತರು. ಹಿಮದ ಪಾದರಕ್ಷೆಯಲ್ಲಿ ನಡೆಯುವುದು, ಹಿಮದಲ್ಲೇ ಮನೆ ಕಟ್ಟುವುದು, ಬೇಟೆಯಾಡಿ ಬದುಕುವುದು, ಎಲ್ಲಾ.

ಫ್ರಾಂಕ್ಲಿನ್ ಜೊತೆ ಕಾಣೆಯಾದವರು ಒಟ್ಟು 129 ಜನ. ದೊಡ್ಡ ದೊಡ್ಡ ತಂಡಗಳು ಹುಡುಕಿದವು. 1854ರಲ್ಲಿ ನಿಜ ಏನು ಅಂತ ಮೊದಲು ತಿಳಿದುಕೊಂಡವರು ರೇ. ಇನ್ಯುಯಿಟ್ ಜನ ಹೇಳಿದರು: ಬಿಳಿಯರು ಹಸಿವಿನಿಂದ ಸತ್ತರು, ಕೊನೆಗೆ ಸತ್ತವರ ಮಾಂಸ ತಿಂದರು. ಫ್ರಾಂಕ್ಲಿನ್ ತಂಡದ ಬೆಳ್ಳಿ ಚಮಚಗಳನ್ನೂ ರೇ ಅವರಿಂದ ಕೊಂಡು ತಂದರು. ಕೇಳಿದ್ದನ್ನು ಹಾಗೇ ವರದಿ ಮಾಡಿದರು. ಬ್ರಿಟನ್ ಸಿಡಿದೆದ್ದಿತು. ನೌಕಾಪಡೆಯವರು ಹೀಗೆ ಮಾಡುತ್ತಾರಾ, ಕಾಡುಜನರ ಮಾತು ನಂಬುವುದಾ ಅಂತ. ಹುಡುಕಿದ್ದಕ್ಕೆ ಇಟ್ಟಿದ್ದ 10,000 ಪೌಂಡ್ ಬಹುಮಾನವೇನೋ ಸಿಕ್ಕಿತು, ಆದರೆ ಸರ್ ಪದವಿ ಸಿಗಲಿಲ್ಲ. ಆ ಕಾಲದ ದೊಡ್ಡ ಅನ್ವೇಷಕರಿಗೆ ಅದು ಸಿಗುತ್ತಿತ್ತು. 20ನೇ ಶತಮಾನದ ಕೊನೆಗೆ ಸಿಕ್ಕ ಆ ತಂಡದವರ ಮೂಳೆಗಳ ಮೇಲೆ ಚಾಕುವಿನ ಗೀರುಗಳಿದ್ದವು. 'ಎರೆಬಸ್' 2014ರಲ್ಲಿ, 'ಟೆರರ್' 2016ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕವು. ಇನ್ಯುಯಿಟ್ ಜನ ಸುಳ್ಳು ಹೇಳಿರಲಿಲ್ಲ, ಅವರನ್ನು ನಂಬಿದ ರೇ ಕೂಡಾ.

ಪ್ರತಿಮೆ ಹಾಕಿದ್ದು 2013ರಲ್ಲಿ. 1837ರಷ್ಟು ಹಿಂದೆ ಶುರುವಾದ ಸ್ಟ್ರೋಮ್‌ನೆಸ್ ಮ್ಯೂಸಿಯಂಗೂ ಹೋಗಿ. ಚಿಕ್ಕದು, ಆದರೆ ತುಂಬಿಕೊಂಡಿದೆ. ಗಾಳಿ ತುಂಬಿಸಿದರೆ ದೋಣಿ, ಗಾಳಿ ತೆಗೆದರೆ ಮೈಮೇಲೆ ಹೊದೆಯುವ ಬಟ್ಟೆ ಆಗುವ ಹಾಲ್ಕೆಟ್ ದೋಣಿ ಅಲ್ಲಿದೆ. ರೇ ತಮ್ಮ ಮೊದಲ ಯಾತ್ರೆಯಲ್ಲಿ ಅಂಥದ್ದನ್ನೇ ಬಳಸಿದ್ದರು. ಅವರ ಸಮಾಧಿ ಕಿರ್ಕ್‌ವಾಲ್‌ನ ಸೇಂಟ್ ಮ್ಯಾಗ್ನಸ್ ಚರ್ಚಿನ ಅಂಗಳದಲ್ಲಿ. ಒಳಗಡೆ ಅವರು ಮಲಗಿರುವಂಥ ಕಲ್ಲಿನ ಮೂರ್ತಿ ಇದೆ, ಪಕ್ಕದಲ್ಲಿ ಬಂದೂಕು.

ಪ್ರಶ್ನೆ: ಮುಳುಗಿದ ಜರ್ಮನ್ ಯುದ್ಧ ಹಡಗುಗಳನ್ನು ಡೈವಿಂಗ್ ಬರದವರೂ ನೋಡಬಹುದಾ?
– ಮಂಗಳೂರಿನ ಓದುಗರು

ಉತ್ತರ: ನೀರಿನಡಿಯಲ್ಲಿ ಇರುವುದನ್ನು ನೋಡಲು ಆಗುವುದಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಹಡಗುಗಳನ್ನು ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ತಡೆದಿಟ್ಟಿದ್ದರು. 1919ರ ಜೂನ್ 21ರಂದು ಜರ್ಮನ್ ನಾವಿಕರು ಶತ್ರುವಿನ ಕೈಗೆ ಸಿಗಬಾರದು ಅಂತ ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಅಲ್ಲಿದ್ದ 74ರಲ್ಲಿ 52 ಮುಳುಗಿದವು. ಹೆಚ್ಚಿನವನ್ನು ಆಮೇಲೆ ಗುಜರಿಗೆ ಎತ್ತಿದರು. ಈಗ ದೊಡ್ಡವು ಏಳು ತಳದಲ್ಲಿವೆ. ಮೇಲೆ ಬಂದ ವಸ್ತುಗಳು ಸ್ಟ್ರೋಮ್‌ನೆಸ್ ಮ್ಯೂಸಿಯಂನಲ್ಲಿವೆ. ಎರಡನೇ ಮಹಾಯುದ್ಧದ ಕಥೆ ಬೇಕಿದ್ದರೆ ಆಗ ದ್ವೀಪಗಳ ನಡುವೆ ಕಟ್ಟಿದ ಚರ್ಚಿಲ್ ತಡೆಗೋಡೆಗಳ ರಸ್ತೆಯಲ್ಲಿ ಹೋಗಿ, ಜಲಸಂಧಿ ಮುಚ್ಚಲು ಮುಳುಗಿಸಿದ ಹಡಗುಗಳ ತುಕ್ಕು ಹಿಡಿದ ಮೈ ನೀರಿನ ಮೇಲೇ ಕಾಣುತ್ತದೆ. ಅಲ್ಲೇ ಇಟಲಿಯ ಯುದ್ಧ ಕೈದಿಗಳು ತಗಡಿನ ಗುಡಿಸಲಲ್ಲಿ ಕಟ್ಟಿದ ಪುಟ್ಟ ಚರ್ಚ್ ಇದೆ, ಬಿಡಬೇಡಿ.

ಪ್ರಶ್ನೆ: ಅಮ್ಮನಿಗೆ 70 ದಾಟಿದೆ, ಮಂಡಿ ನೋವು. ಕರೆದುಕೊಂಡು ಹೋಗಬಹುದಾ? ನಾವು ಮಾಂಸ, ಮೊಟ್ಟೆ ತಿನ್ನುವವರಲ್ಲ.
– ಮೈಸೂರಿನಿಂದ ಒಬ್ಬರು

ಉತ್ತರ: ಧಾರಾಳವಾಗಿ ಹೋಗಿ. ಮುಖ್ಯ ಬೀದಿ ಹೆಚ್ಚುಕಮ್ಮಿ ಸಮತಟ್ಟು. ಮಳೆ ಬಂದರೆ ಚಪ್ಪಡಿ ಜಾರುತ್ತದೆ, ಅದೇ ಬೀದಿಯಲ್ಲಿ ಕಾರುಗಳೂ ಬರುತ್ತವೆ, ಅಮ್ಮನ ಕೈ ಹಿಡಿದುಕೊಂಡಿರಿ. ಗುಡ್ಡದ ಓಣಿಗಳು ಬೇಡ. ಬೀದಿಯಲ್ಲೇ ಪಿಯರ್ ಆರ್ಟ್ಸ್ ಸೆಂಟರ್ ಇದೆ, ಒಳ್ಳೇ ಚಿತ್ರ, ಶಿಲ್ಪ ನೋಡುತ್ತಾ ಕೂರಬಹುದು. ಹೊರಗಡೆಯ ಜಾಗಗಳಲ್ಲಿ ಸ್ಕಾರಾ ಬ್ರೇಗೆ ಸ್ವಲ್ಪ ನಡೆಯಬೇಕು, 5,000 ವರ್ಷ ಹಳೆಯ ಮನೆಗಳು, ಕಲ್ಲಿನ ಮಂಚ, ಕಲ್ಲಿನ ಕಪಾಟು, ನಡೆದದ್ದು ವ್ಯರ್ಥ ಆಗುವುದಿಲ್ಲ. ಮೇಸ್‌ಹೋ ಸಮಾಧಿಯೊಳಗೆ ಮಾತ್ರ ಅವರನ್ನು ಕರೆದೊಯ್ಯಬೇಡಿ, ಉದ್ದದ ತಗ್ಗು ಸುರಂಗದಲ್ಲಿ ಬಗ್ಗಿಕೊಂಡೇ ಹೋಗಬೇಕು. ಉಳಿದವರು ಹೋಗುವುದಾದರೆ ಟಿಕೆಟ್ ಮುಂಚೆಯೇ ಮಾಡಿಸಿ.

ಜೂನ್ ಅಂದರೂ 12ರಿಂದ 15 ಡಿಗ್ರಿ ಅಷ್ಟೇ. ಚಳಿಗಿಂತ ಗಾಳಿ ಜಾಸ್ತಿ. ಮರಗಳೇ ಅಪರೂಪ, ಹಾಗಾಗಿ ಗಾಳಿಗೆ ತಡೆಯೇ ಇಲ್ಲ. ಕೊಡೆ ತಿರುಗಿ ಮುರಿಯುತ್ತದೆ, ಟೋಪಿ ಇರುವ ರೇನ್‌ಕೋಟ್ ಒಯ್ಯಿರಿ. ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಗೆ, ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಬೆಳಕು. ಕಣ್ಣಿಗೆ ಕಟ್ಟುವ ಪಟ್ಟಿ ಇದ್ದರೆ ಅಮ್ಮನಿಗೆ ನಿದ್ದೆ ಬರುತ್ತದೆ. ಹಡಗು ಅಲುಗಾಡಬಹುದು, ವಾಂತಿ ಮಾತ್ರೆಯನ್ನು ಹತ್ತುವ ಮುಂಚೆಯೇ ಕೊಡಿ.

ಊಟಕ್ಕೆ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವುದು ಒಳ್ಳೇದು. ಊರಿನಲ್ಲಿ ಸೂಪರ್ ಮಾರ್ಕೆಟ್ ಇದೆ, ಅಕ್ಕಿ, ತರಕಾರಿ, ಹಾಲು, ಮೊಸರು ಸಿಗುತ್ತದೆ. ಅವಲಕ್ಕಿ, ಚಟ್ನಿಪುಡಿ ಮನೆಯಿಂದ ಒಯ್ಯಿರಿ. ತುಪ್ಪ, ಪೇಡ ಬೇಡ, ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ ಬಿಡುವುದಿಲ್ಲ. ಹೋಟೆಲಿನಲ್ಲಿ ಬೇಳೆ ಸೂಪ್ ಅಂದರೂ ಒಳಗೆ ಮಾಂಸದ ಕಟ್ಟು ಇರಬಹುದು, ಕೇಳಿಯೇ ತೆಗೆದುಕೊಳ್ಳಿ. ಚೀಸ್‌ನಲ್ಲೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರಬಹುದು, ಲೇಬಲ್ ನೋಡಿ. ಕೇಕ್, ಸ್ಕೋನ್‌ಗಳಲ್ಲಿ ಮೊಟ್ಟೆ ಇರುವುದೇ ಜಾಸ್ತಿ. ಓಟ್ಸ್‌ನಿಂದ ಮಾಡುವ ಓಟ್‌ಕೇಕ್ ಕೇಳಿ, ಹೆಸರು ಕೇಕ್ ಆದರೂ ಅದು ಗರಿಗರಿ ಬಿಸ್ಕತ್ತು. ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತದೆ, ಓದಿ ಕೊಳ್ಳಿ. ಬೆಣ್ಣೆ ಹಚ್ಚಿ ಕೊಟ್ಟರೆ ಅಮ್ಮನಿಗೆ ಹಿಡಿಸಬಹುದು.