ಬಣ್ಣದ ಡಬ್ಬಿಗಿಂತ ಮೊದಲು ಒಂದು ಕಪಾಟು ಕೇಳಿ

ಕೊಪ್ಪಳ ಜಿಲ್ಲೆಯ ಸರ್ಕಾರಿ ಹೈಸ್ಕೂಲಿಗೆ ಡ್ರಾಯಿಂಗ್ ಟೀಚರ್ ಆಗಿ ಬಂದಿದ್ದೇನೆ, ಕೋಣೆ ಇಲ್ಲ, ಸಾಮಾನು ಇಲ್ಲ, ಚಿತ್ರಕಲಾ ವಿಭಾಗ ಕಟ್ಟಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ ಮೇಡಂ. ನಾನು ಇದೇ ಜಿಲ್ಲೆಯಲ್ಲಿ 27 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮೊದಲು ಒಂದು ತಗಡಿನ ಕಪಾಟು ಕೇಳಿ. ಬೀಗ ಇರುವಂಥದ್ದು.

ಮೊದಲ ಐದಾರು ವರ್ಷ ನಾನು ಬೋರ್ಡಿನ ಮೇಲೆ ನವಿಲು ಬರೆಯುತ್ತಿದ್ದೆ, ಮಕ್ಕಳು ನೋಡಿ ಬರೆಯುತ್ತಿದ್ದರು. ಇಲ್ಲವೇ ಎರಡು ಚೂಪು ಬೆಟ್ಟ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನ ಮರ. ನಮ್ಮ ಕಡೆ ಅಂಥ ಬೆಟ್ಟ ಎಲ್ಲಿದೆ? ಬಂಡೆಯ ಮೇಲೆ ಬಂಡೆ ಕೂತ ಗುಡ್ಡ ಕಿಟಕಿಯಲ್ಲೇ ಕಾಣುತ್ತಿತ್ತು, ಅದನ್ನು ಬರೆಸಬೇಕು ಅಂತ ನನಗೆ ಹೊಳೆದಿರಲಿಲ್ಲ. ವರ್ಷದ ಕೊನೆಗೆ ಹಾಳೆಗಳು ರದ್ದಿಗೆ ಹೋಗುತ್ತಿದ್ದವು. ಜೂನಿನಲ್ಲಿ ಮತ್ತೆ ಅದೇ ನವಿಲು.

ಒಂದು ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎಂಟನೇ ತರಗತಿಯ ಹುಡುಗನೊಬ್ಬ ಎರೆಮಣ್ಣಿನ ಜೋಡೆತ್ತು ಮಾಡಿ ತಂದ. ಬೆನ್ನ ಮೇಲೆ ಹಿಣಿಲು, ಕೊಂಬು, ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಡ್ರಾಯಿಂಗಿನಲ್ಲಿ ಅವನಿಗೆ ನಾನು ಹತ್ತಕ್ಕೆ ಮೂರು ಕೊಟ್ಟಿದ್ದೆ. ಯಾರು ಕಲಿಸಿದರು ಅಂದೆ. "ಯಾರೂ ಕಲಿಸಿಲ್ರೀ ಸರ್, ನಮ್ಮಜ್ಜ ಮಾಡೂದು ನೋಡೀನ್ರೀ" ಅಂದ. ಪೂಜೆ ಮುಗಿದ ಮೇಲೆ ನೀರಿಗೆ ಬಿಡುವ ಎತ್ತು ಅದು. ಶಾಲೆಗೆ ಅಂತ ಇನ್ನೊಂದು ಜೋಡಿ ಮಾಡಿಕೊಡು ಎಂದು ಕೇಳಿ ಇಸಿದುಕೊಂಡೆ. ಮುಂದಿನ ವರ್ಷ ಅದನ್ನು ಮೇಜಿನ ಮೇಲೆ ಇಟ್ಟೆ, ಏನೂ ಹೇಳಲಿಲ್ಲ. ವಾರದಲ್ಲಿ ಹನ್ನೆರಡು ಜೋಡಿ ಬಂದವು. ಒಬ್ಬಳು ಗ್ವಾದಲಿಯಲ್ಲಿ ಮೇವೂ ಹಾಕಿದ್ದಳು! ಮಕ್ಕಳಿಗೆ ನನ್ನ ನವಿಲಿಗಿಂತ ತಮ್ಮಂಥ ಇನ್ನೊಂದು ಮಗು ಮಾಡಿದ ವಸ್ತು ಜಾಸ್ತಿ ಕಲಿಸುತ್ತದೆ. ನಮ್ಮ ವಿಭಾಗ ಅಂತ ಏನಾದರೂ ಇದ್ದರೆ ಅದು ಶುರುವಾದದ್ದು ಅಲ್ಲಿಂದ.

ಆಮೇಲೆ ಮಕ್ಕಳನ್ನು ಮರದ ಗೊಂಬೆಗೆ ಹೆಸರಾದ ಕಿನ್ನಾಳಕ್ಕೆ ಕರೆದುಕೊಂಡು ಹೋದೆ. ಕೊಪ್ಪಳದಿಂದ ದೂರವೇನಿಲ್ಲ, ನೀವೂ ಹೋಗಿ. ಅಲ್ಲಿನ ಚಿತ್ರಗಾರರು ಹಗುರವಾದ ಪೊಳಕಿ ಮರದಲ್ಲಿ ಗೊಂಬೆ ಕಡೆಯುತ್ತಾರೆ. ಸಂದುಗಳನ್ನು ತುಂಬುವುದು ಹುಣಸೆ ಬೀಜದ ಅಂಟಿನಿಂದ. ಗೋಣಿ ನಾರಿನ ಪುಡಿ ಸೇರಿಸಿದರೆ ಅದೇ ಅಂಟು ಕಿಟ್ಟ ಎನ್ನುವ ಮೆತ್ತುವ ಲೇಪ ಆಗುತ್ತದೆ. ಗೊಂಬೆಯ ಒಡವೆಗಳು ಉಬ್ಬಿ ನಿಲ್ಲುವುದು ಕಲ್ಲಿನ ಪುಡಿ ಕಲಸಿದ ಅಂಟಿನಿಂದ. ಹಂಪಿ ವಿರೂಪಾಕ್ಷ ಗುಡಿಯ ಮಂಟಪದ ಚಾವಣಿ ಚಿತ್ರ ಬರೆದದ್ದು ತಮ್ಮ ಹಿರಿಯರೇ ಎನ್ನುವ ಮಾತು ಅಲ್ಲಿದೆ. ವಾಪಸ್ ಬಂದ ಮೇಲೆ ಮಕ್ಕಳು ಮನೆಯಿಂದ ಹುಣಸೆ ಬೀಜ ತಂದರು. ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದೆವು. ಎರಡು ದಿನಕ್ಕೇ ಬೂಸ್ಟು ಬರುತ್ತದೆ, ಬೇಕಾದಷ್ಟೇ ಮಾಡಿ. ಆ ಅಂಟು, ಹಳೇ ಪೇಪರು, ಮರದ ಹೊಟ್ಟು. ಇಷ್ಟರಲ್ಲೇ ನಾಲ್ಕು ವರ್ಷ ಮುಖವಾಡ ಮಾಡಿದೆವು. ಇನ್ನೊಂದು ಸಲ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ ಬಂಡೆಯ ಮೇಲೆ ಆದಿಮಾನವರು ಬರೆದ ಕೆಂಪು ಚಿತ್ರ ನೋಡಿ ಬಂದೆವು. ಮರುದಿನ ಹುಡುಗರು ಕೆಮ್ಮಣ್ಣು ಅರೆದುಕೊಂಡು ಬಂದಿದ್ದರು, ನಾನು ಹೇಳಿಯೇ ಇರಲಿಲ್ಲ.

ಮುಂದೆ ಮುಖವಾಡಗಳನ್ನು ಇಟ್ಟಿದ್ದ ಕೋಣೆ ಬಿಸಿಯೂಟದ ಅಕ್ಕಿ ಮೂಟೆಗೆ ಹೋಯಿತು. ಮಕ್ಕಳ ಊಟ ದೊಡ್ಡದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಕ್ಕಿಗೆ ಬಂದ ಇಲಿಗಳು ಮುಖವಾಡಗಳನ್ನೂ ತಿಂದವು. ಹುಣಸೆ ಬೀಜದ ಅಂಟು ಅವಕ್ಕೆ ಹಬ್ಬದೂಟ. ದಸರಾ ರಜೆ ಮುಗಿಸಿ ಬಾಗಿಲು ತೆಗೆದರೆ ನಾಲ್ಕು ವರ್ಷದ ಮಕ್ಕಳ ಕೆಲಸ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಅವತ್ತು ನಾನು ಪಾಠ ಮಾಡಲಿಲ್ಲ. ಕಪಾಟು ಅಂತ ಯಾಕೆ ಇಷ್ಟು ಹೇಳುತ್ತಿದ್ದೇನೆ ಗೊತ್ತಾಯಿತಲ್ವಾ?

ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಖಂಡಿತ ಕೂರಿಸಿ, ಕೈ ಪಳಗುತ್ತದೆ. ಪ್ರತಿಭಾ ಕಾರಂಜಿಗೂ ಕಳಿಸಿ. ಆದರೆ ಬಹುಮಾನ ತರುವ ಇಬ್ಬರನ್ನೇ ತಿದ್ದುತ್ತಾ ಕೂತರೆ ಉಳಿದ ಐವತ್ತು ಮಕ್ಕಳು ಸುಮ್ನೆ ಕೂರುತ್ತಾರೆ. ಆ ತಪ್ಪು ನಾನು ಎರಡು ವರ್ಷ ಮಾಡಿದ್ದೇನೆ.

ಕಪಾಟಿನಲ್ಲಿ ಇಡುವ ಪ್ರತಿ ವಸ್ತುವಿಗೂ ಚೀಟಿ ಕಟ್ಟಿ. ಮಗುವಿನ ಹೆಸರು, ವರ್ಷ, ಯಾವುದರಿಂದ ಮಾಡಿದ್ದು. ಅಂಕ ಬರೆಯಬೇಡಿ. ಮೂಲೆಗಳಲ್ಲಿ ಒಣಗಿದ ಬೇವಿನ ಸೊಪ್ಪು ಹಾಕಿ. ಮೊದಲ ಕೆಲಸಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯೇ ಒಳ್ಳೆಯದು, ಶಾಲೆ ಶುರುವಾಗಿ ಕೆಲವೇ ವಾರಕ್ಕೆ ಬರುತ್ತದೆ. ಎರೆಮಣ್ಣು ಒಣಗುವಾಗ ಬಿರಿಯುತ್ತದೆ. ಕಲ್ಲು ಆರಿಸಿ, ಸ್ವಲ್ಪ ಹತ್ತಿ ಬಿಡಿಸಿ ಹಾಕಿ ಚೆನ್ನಾಗಿ ನಾದಿಸಿ. ನೆರಳಲ್ಲೇ ಒಣಗಿಸಿ. ಕೊಂಬಿಗೆ ಒಳಗೊಂದು ಜೋಳದ ದಂಟಿನ ಸಿಬಿರು ಇಟ್ಟರೆ ಮುರಿಯುವುದಿಲ್ಲ.